ಮಕ್ಕಳು ಅಮೆರಿಕದಲ್ಲಿದ್ದಾರೆಯೇ? ಅಲ್ಲಿನ ರಾಜಕೀಯ ಸುದ್ದಿಯನ್ನು ಹೀಗೆ ಓದಿ

ಅಮೆರಿಕದ ಅಧ್ಯಕ್ಷರು ಶುಕ್ರವಾರ ಸಂಜೆ ಸಹಿ ಹಾಕಿದ ಕಾಗದ ತುಮಕೂರಿಗೆ ಶನಿವಾರ ನಸುಕಿನ ಸುದ್ದಿಯಾಗಿ ಬರುತ್ತದೆ. ನಾವು ತಿಂಡಿ ಮುಗಿಸಿ ಪತ್ರಿಕೆ ಬಿಡಿಸುವಷ್ಟರಲ್ಲಿ ಅಲ್ಲಿನ ಮಕ್ಕಳು ಮಲಗಿರುತ್ತಾರೆ. ಚಳಿಗಾಲದಲ್ಲಿ ಅಲ್ಲಿನ ಪೂರ್ವ ಕರಾವಳಿ ನಮಗಿಂತ ಹತ್ತೂವರೆ ಗಂಟೆ ಹಿಂದಿರುತ್ತದೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ. ವಿವರ ಹೇಳಬಲ್ಲವರು ನಿದ್ದೆಯಲ್ಲಿರುತ್ತಾರೆ, ಕೂಗುವ ಟಿವಿ ಮಾತ್ರ ಎದುರಿಗಿರುತ್ತದೆ. ನಮ್ಮ ಗಾಬರಿಯ ಬಹುಪಾಲು ಹುಟ್ಟುವುದು ಈ ಹೊತ್ತಿನಲ್ಲೇ.

ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮನೆ ಎಸ್‌ಐಟಿ ಬಡಾವಣೆಯಲ್ಲಿ. ಮಗಳು, ಅಳಿಯ ನ್ಯೂಜೆರ್ಸಿಯಲ್ಲಿದ್ದಾರೆ. ಕಳೆದ ವರ್ಷ ಮಗಳ ಬಾಣಂತನಕ್ಕೆ ಹೋಗಿ ಬಂದೆ. ಬೆಳಗ್ಗೆ ಅಮಾನಿಕೆರೆಯ ಸುತ್ತ ನಡೆಯಲು ಬರುವವರಲ್ಲಿ ನನ್ನಂಥ ತಂದೆತಾಯಿಯರು ಬಹಳ. ಅವರೆಲ್ಲ ಕೇಳುವ ಪ್ರಶ್ನೆ ಒಂದೇ: “ಮೇಡಂ, ಇದು ನಮ್ಮ ಹುಡುಗನಿಗೂ ತಗಲುತ್ತದೆಯೇ?” ಅದಕ್ಕೆ ನೀವೇ ಉತ್ತರ ಕಂಡುಕೊಳ್ಳುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷನ್ನು ನಿಧಾನವಾಗಿ ಓದಲು ಬಂದರೆ ಸಾಕು. ದಾರಿಯುದ್ದಕ್ಕೂ ನನ್ನ ಅಭಿಪ್ರಾಯಗಳೂ ಬರುತ್ತವೆ. ಮೂರು ದಶಕ ಸಂವಿಧಾನ ಕಲಿಸಿದವಳಿಗೆ ಅಭಿಪ್ರಾಯವಿಲ್ಲದೆ ಇದನ್ನೆಲ್ಲ ನೋಡಲು ಸಾಧ್ಯವಿಲ್ಲ. ಬರೆಯುತ್ತಿರುವುದು 2026ರ ಸಂಕ್ರಾಂತಿಯ ವಾರದಲ್ಲಿ. ಆಮೇಲೆ ಓದುವವರು ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಅದು ಯಾವ ಕಾಗದ?

“ಟ್ರಂಪ್ ಹೇಳಿದರು” ಎಂಬ ಒಂದೇ ಶೀರ್ಷಿಕೆಯ ಕೆಳಗೆ ಹಲವು ಬಗೆಯ ಸಂಗತಿಗಳು ಬರುತ್ತವೆ. ಜಾಲತಾಣದಲ್ಲಿ ಬರೆದ ಮಾತು, ಭಾಷಣದಲ್ಲಿ ಆಡಿದ ಮಾತು, ಸಹಿಯಾದ ಕಾರ್ಯಕಾರಿ ಆದೇಶ, ಘೋಷಣೆ, ಸಂಸತ್ತಿನ ಮುಂದಿರುವ ಮಸೂದೆ, ಇಲಾಖೆಯ ನಿಯಮ. ಜಾಲತಾಣದ ಮಾತಿಗೆ ಕಾನೂನಿನ ಬಲವಿಲ್ಲ. ಕಾರ್ಯಕಾರಿ ಆದೇಶವೆಂದರೆ ಅಧ್ಯಕ್ಷರು ತಮ್ಮ ಇಲಾಖೆಗಳಿಗೆ ಕೊಡುವ ನಿರ್ದೇಶನ. ಸಂವಿಧಾನವೋ ಸಂಸತ್ತೋ ಕೊಟ್ಟ ಅಧಿಕಾರದ ಒಳಗೇ ಅದು ನಿಲ್ಲಬೇಕು, ಮುಂದೆ ಬರುವ ಅಧ್ಯಕ್ಷರು ಒಂದು ಸಹಿಯಿಂದ ಅದನ್ನು ಅಳಿಸಬಹುದು. ಕಾಯಿದೆಯನ್ನು ಹಾಗೆ ಅಳಿಸಲಾಗದು. 2025ರಲ್ಲಿ ಇನ್ನೂರಕ್ಕೂ ಹೆಚ್ಚು ಕಾರ್ಯಕಾರಿ ಆದೇಶಗಳು ಬಂದವು. ಚರ್ಚೆ ನಡೆದು ಮತಕ್ಕೆ ಬೀಳಬೇಕಾದ ವಿಷಯಗಳನ್ನು ಒಬ್ಬರ ಲೇಖನಿ ತೀರ್ಮಾನಿಸುತ್ತಿರುವುದು ನನಗೆ ದೊಡ್ಡ ಕಳವಳದ ಸಂಗತಿ. ನಮ್ಮಲ್ಲಿ ಸುಗ್ರೀವಾಜ್ಞೆಗಳು ಮೇಲಿಂದ ಮೇಲೆ ಬಂದಾಗಲೂ ತರಗತಿಯಲ್ಲಿ ಇದನ್ನೇ ಹೇಳಿದ್ದೇನೆ.

ಅಲ್ಲಿನ ಸಂಸತ್ತಿನ ಹೆಸರು ಕಾಂಗ್ರೆಸ್. ಪಕ್ಷದ ಹೆಸರಿನೊಂದಿಗೆ ಬೆರೆತುಹೋಗುತ್ತದೆಂದು ನಾನು ಸಂಸತ್ತು ಎಂದೇ ಬರೆಯುತ್ತೇನೆ.

2025ರ ಸೆಪ್ಟೆಂಬರ್ 19ರ ಎಚ್-1ಬಿ (ಪರಿಣತರಿಗೆ ಕೊಡುವ ಉದ್ಯೋಗ ವೀಸಾ) ಘೋಷಣೆಯನ್ನು ನೆನಪಿಸಿಕೊಳ್ಳಿ. ಒಂದು ಲಕ್ಷ ಡಾಲರ್ ಶುಲ್ಕ, ಅಂದಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಜಾರಿಯಾಗುವುದು ನಮ್ಮ ಗಡಿಯಾರದಲ್ಲಿ ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ, ಅಂದರೆ ಮಹಾಲಯ ಅಮಾವಾಸ್ಯೆಯ ದಿನ. ಹಿರಿಯರಿಗೆ ಎಡೆಯಿಡಲೆಂದು, ದಸರೆಗೆಂದು ಊರಿಗೆ ಬಂದಿದ್ದ ಮಕ್ಕಳಿಗೆ ಕಂಪನಿಗಳಿಂದ ಕೂಡಲೇ ಹಿಂದಿರುಗಿ ಎಂಬ ಸಂದೇಶ ಬಂತು. ಪ್ರತಿ ವರ್ಷವೂ ಕಟ್ಟಬೇಕು ಎಂದು ಅಲ್ಲಿನ ವಾಣಿಜ್ಯ ಕಾರ್ಯದರ್ಶಿಯೇ ಹೇಳಿದರು. ನಮ್ಮ ಬೀದಿಯ ಹುಡುಗನೊಬ್ಬ ತಾಯಿ ಮಾಡಿದ ಅಡುಗೆ ಉಣ್ಣದೆ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರಟ. ಮರುದಿನ ಶ್ವೇತಭವನವೂ ವಲಸೆ ಸೇವಾ ಇಲಾಖೆಯೂ ಸ್ಪಷ್ಟನೆ ಕೊಟ್ಟವು. ಶುಲ್ಕ ಒಂದೇ ಸಲ, ಅದೂ ಹೊಸದಾಗಿ ಸಲ್ಲಿಸುವ ಅರ್ಜಿಗೆ ಮಾತ್ರ. ಈಗಾಗಲೇ ವೀಸಾ ಇರುವವರಿಗೂ ನವೀಕರಣಕ್ಕೂ ಅನ್ವಯವಿಲ್ಲ. ಅಕ್ಟೋಬರ್ 20ರಂದು ಇನ್ನೊಂದು ವಿವರಣೆ ಬಂತು: ಅಲ್ಲೇ ಓದು ಮುಗಿಸಿ, ದೇಶ ಬಿಡದೆ ವಿದ್ಯಾರ್ಥಿ ವೀಸಾದಿಂದ ಎಚ್-1ಬಿಗೆ ಬದಲಾಗುವವರಿಗೂ ಈ ಶುಲ್ಕವಿಲ್ಲ. ಮೊದಲ ಸುದ್ದಿ ಕೇಳಿದವರೆಲ್ಲ ಈ ಎರಡನೆಯದನ್ನು ಕೇಳಲಿಲ್ಲ. ಎಂ.ಎಸ್. ಓದುತ್ತಿರುವ ಮಕ್ಕಳ ತಂದೆತಾಯಿಯರು ಇಂದಿಗೂ 88 ಲಕ್ಷದ ಲೆಕ್ಕ ಹಾಕುತ್ತಿರುವುದನ್ನು ನಾನು ಕಾಣುತ್ತೇನೆ.

ಆದ್ದರಿಂದ ಸುದ್ದಿ ಬಂದಾಗ ನಾಲ್ಕು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಕಾಗದ, ಯಾವ ಅಧಿಕಾರದಡಿ, ಯಾವ ದಿನದಿಂದ, ಯಾರಿಗೆ. ಟಿವಿ ಈ ನಾಲ್ಕನ್ನೂ ಹೇಳದಿದ್ದರೆ ಸುದ್ದಿ ಇನ್ನೂ ಪೂರ್ತಿ ಬಂದಿಲ್ಲ ಎಂದು ತಿಳಿಯಿರಿ. ಮೂಲ ಕಾಗದ ಮೊಬೈಲಿನಲ್ಲೇ ಸಿಗುತ್ತದೆ. ಆದೇಶ, ಘೋಷಣೆಗಳು ಶ್ವೇತಭವನದ ಜಾಲತಾಣದಲ್ಲಿಯೂ ಆಮೇಲೆ ಫೆಡರಲ್ ರಿಜಿಸ್ಟರ್‌ನಲ್ಲಿಯೂ ಪ್ರಕಟವಾಗುತ್ತವೆ. ನಮ್ಮ ರಾಜ್ಯಪತ್ರ ಇದ್ದಂತೆಯೇ ಅದು. ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಯಾರಿಗೆ ಅನ್ವಯ, ಯಾವಾಗಿನಿಂದ ಎಂಬ ಭಾಗವನ್ನು ಮೊದಲು ಹುಡುಕಿ. ಅಲ್ಲಿಂದಲೇ ಓದಲು ಶುರುಮಾಡಿ.

ಮಸೂದೆ ಎಂದಿದ್ದರೆ ಇನ್ನೂ ಸಮಯವಿದೆ

ಮಗ ಅಲ್ಲಿಂದ ಕಳಿಸುವ ಹಣಕ್ಕೆ ತೆರಿಗೆ ಬೀಳುತ್ತದೆ ಎಂಬ ಸುದ್ದಿ 2025ರ ಮೇ ತಿಂಗಳಲ್ಲಿ ನಮ್ಮೂರಿನ ಮನೆಮನೆಯಲ್ಲೂ ಓಡಾಡಿತು. ಸಾಲ ಮಾಡಿ ಓದಿಸಿದವರಿಗೆ, ಮಗಳು ತಿಂಗಳಿಗೊಮ್ಮೆ ಕಳಿಸುವ ಹಣದಲ್ಲಿ ಔಷಧಿ ಕೊಳ್ಳುವವರಿಗೆ ಅದು ಸಣ್ಣ ಸುದ್ದಿಯಲ್ಲ. ಮೊದಲು ಕೇಳಿಬಂದದ್ದು ಶೇಕಡಾ 5. ಮೇ 22ರಂದು ಕೆಳಮನೆ ಮಸೂದೆಯನ್ನು 215–214 ಮತಗಳಿಂದ ಒಪ್ಪಿದಾಗ ಅದು ಶೇ. 3.5ಕ್ಕೆ ಇಳಿದಿತ್ತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಶೇ. 1ಕ್ಕೆ ಬಂತು. ಜುಲೈ 1ರಂದು ಅಲ್ಲಿ ಐವತ್ತಕ್ಕೆ ಐವತ್ತು ಮತ ಬಿದ್ದು, ಉಪಾಧ್ಯಕ್ಷರ ಮತದಿಂದ ಅಂಗೀಕಾರವಾಯಿತು. ಜುಲೈ 4ರಂದು ಅಧ್ಯಕ್ಷರು ಸಹಿ ಹಾಕಿದರು. ಈ ಜನವರಿ 1ರಿಂದ ಜಾರಿಯಲ್ಲಿರುವ ಕಾಯಿದೆ ಹೇಳುವುದಿಷ್ಟು: ನಗದು, ಮನಿಆರ್ಡರ್, ಬ್ಯಾಂಕಿನ ಕ್ಯಾಷಿಯರ್ ಚೆಕ್ ಇಂಥವುಗಳ ಮೂಲಕ ಕಳಿಸಿದರೆ ಶೇ. 1 ತೆರಿಗೆ. ಅಲ್ಲಿನ ಬ್ಯಾಂಕ್ ಖಾತೆಯಿಂದಲೋ ಅಲ್ಲಿ ಪಡೆದ ಡೆಬಿಟ್, ಕ್ರೆಡಿಟ್ ಕಾರ್ಡ್‌ನಿಂದಲೋ ಕಳಿಸಿದರೆ ಈ ತೆರಿಗೆ ಇಲ್ಲ. ನಮ್ಮ ಮಕ್ಕಳಲ್ಲಿ ನಗದು ಕೊಂಡುಹೋಗಿ ಹಣ ಕಳಿಸುವವರು ಎಷ್ಟು ಮಂದಿ?

ಆದರೆ ಈ ತೆರಿಗೆ ಯಾರ ಮೇಲೆ ಬಿತ್ತು ಎಂದೂ ಯೋಚಿಸಿ. ಹೊಲದಲ್ಲಿ, ಹೋಟೆಲಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿದು, ಬ್ಯಾಂಕ್ ಖಾತೆ ತೆರೆಯಲಾಗದೆ ಅಂಗಡಿಯ ಕಿಟಕಿಯಲ್ಲಿ ನಗದು ಕಟ್ಟಿ ಊರಿಗೆ ಹಣ ಕಳಿಸುವ ಬಡವರ ಮೇಲೆ. ನಮಗೆ ತಗಲಲಿಲ್ಲ ಎಂದು ನಿಟ್ಟುಸಿರು ಬಿಟ್ಟವರು ಇದನ್ನೂ ತಿಳಿದಿರಬೇಕು.

ಓದುವ ಕ್ರಮ ಹೀಗಿರಲಿ. ಅಲ್ಲಿ ಎರಡು ಮನೆಗಳು: 435 ಸದಸ್ಯರ ಕೆಳಮನೆ, ನೂರು ಸದಸ್ಯರ ಸೆನೆಟ್. ಎರಡೂ ಒಂದೇ ರೂಪದ ಮಸೂದೆಯನ್ನು ಒಪ್ಪಬೇಕು. ಸೆನೆಟ್‌ನಲ್ಲಿ ಹೆಚ್ಚಿನ ಮಸೂದೆಗಳ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಮಂದಿಯ ಒಪ್ಪಿಗೆ ಬೇಕು. ತೆರಿಗೆ, ಖರ್ಚಿಗೆ ಸಂಬಂಧಿಸಿದ ವಿಶೇಷ ಮಸೂದೆಗಳಿಗೆ ಮಾತ್ರ ಸರಳ ಬಹುಮತ ಸಾಕು. “ಎಚ್-1ಬಿ ರದ್ದು ಮಾಡಲು ಮಸೂದೆ” ಎಂಬ ಸುದ್ದಿ ವರ್ಷಕ್ಕೆ ಹಲವು ಬಾರಿ ಬರುತ್ತದೆ. ಒಬ್ಬ ಸದಸ್ಯ ಮಂಡಿಸಿದ ಮಾತ್ರಕ್ಕೆ ಏನೂ ಆಗುವುದಿಲ್ಲ, ಹೆಚ್ಚಿನವು ಸಮಿತಿಯಿಂದಲೇ ಹೊರಬರುವುದಿಲ್ಲ. ಅಲ್ಲಿನ ಸಂಸತ್ತಿನ ಜಾಲತಾಣದಲ್ಲಿ ಮಸೂದೆಯ ಸಂಖ್ಯೆ ಹಾಕಿದರೆ ಅದು ಎಲ್ಲಿ ನಿಂತಿದೆ ಎಂದು ಕಾಣುತ್ತದೆ.

ಕೋರ್ಟಿನ ಸುದ್ದಿ, ಮತ್ತು ಅಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳು

ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಏಕೆಂದರೆ ನನ್ನ ಮೊಮ್ಮಗಳು ಇದರೊಳಗಿದ್ದಾಳೆ.

2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅಧ್ಯಕ್ಷರು ಜನ್ಮದತ್ತ ಪೌರತ್ವದ ಬಗ್ಗೆ ಆದೇಶ ಹೊರಡಿಸಿದರು. ತಂದೆ ಅಲ್ಲಿನ ಪ್ರಜೆಯೂ ಅಲ್ಲದೆ, ಗ್ರೀನ್ ಕಾರ್ಡ್ (ಅಲ್ಲಿ ಶಾಶ್ವತವಾಗಿ ನೆಲೆಸುವ ಅನುಮತಿ) ಉಳ್ಳವರೂ ಅಲ್ಲದೆ ಇದ್ದು, ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದಲ್ಲಿಯೋ ಇದ್ದರೆ, ಹುಟ್ಟುವ ಮಗುವನ್ನು ಪ್ರಜೆ ಎಂದು ಒಪ್ಪಬಾರದು ಎಂಬುದು ಅದರ ಸಾರ. ತಾತ್ಕಾಲಿಕ ವೀಸಾ ಎಂದರೆ ಎಚ್-1ಬಿ ಬಂತು, ಅವರ ಸಂಗಾತಿಗಳ ಎಚ್-4 ಬಂತು, ವಿದ್ಯಾರ್ಥಿಗಳು ಬಂದರು. ಗಡಿ ದಾಟಿ ಬಂದವರ ಮೇಲಿನ ಕ್ರಮ ಎಂದು ನಮ್ಮ ಟಿವಿಗಳು ಹೇಳಿದವು. ಮೂಲ ಕಾಗದ ಓದಿದವರಿಗೆ ಮಾತ್ರ ಅದು ತುಮಕೂರಿನ ಮನೆಗಳ ಬಾಣಂತಿಕೋಣೆಯವರೆಗೂ ಬರುತ್ತದೆಂದು ತಿಳಿಯಿತು. ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ಶೇ. 7ಕ್ಕಿಂತ ಹೆಚ್ಚು ಕೊಡಬಾರದೆಂಬ ಮಿತಿ ಇರುವುದರಿಂದ ಭಾರತೀಯರು ದಶಕಗಟ್ಟಲೆ ತಾತ್ಕಾಲಿಕ ವೀಸಾದಲ್ಲೇ ಉಳಿಯುತ್ತಾರೆ. ತೆರಿಗೆ ಕಟ್ಟುತ್ತ, ಮನೆ ಕೊಂಡು, ಅಲ್ಲೇ ಬಾಳುತ್ತಿರುವವರನ್ನು ತಾತ್ಕಾಲಿಕ ಎನ್ನುವುದೇ ಅನ್ಯಾಯ ಎಂದು ನನ್ನ ಅಭಿಪ್ರಾಯ.

ಆ ದೇಶದ ಸಂವಿಧಾನದ 14ನೇ ತಿದ್ದುಪಡಿ 1868ರದು. ಗುಲಾಮಗಿರಿ ಮುಗಿದ ಮೇಲೆ, ಕಪ್ಪು ಜನರ ಪೌರತ್ವವನ್ನು ಯಾವ ಸರ್ಕಾರವೂ ಕಿತ್ತುಕೊಳ್ಳಬಾರದೆಂದು ಬರೆದದ್ದು. ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲ ಪ್ರಜೆಗಳು ಎನ್ನುತ್ತದೆ ಅದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ದಂಪತಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತನನ್ನು ಒಳಗೆ ಬಿಟ್ಟುಕೊಳ್ಳದಿದ್ದಾಗ, 1898ರಲ್ಲಿ ಸುಪ್ರೀಂ ಕೋರ್ಟ್ ಆತನನ್ನು ಪ್ರಜೆ ಎಂದು ಘೋಷಿಸಿತು. ಚೀನೀಯರ ವಲಸೆಯನ್ನೇ ನಿಷೇಧಿಸಿದ್ದ ಕಾಲದಲ್ಲಿ ಬಂದ ತೀರ್ಪು ಅದು. ತರಗತಿಯಲ್ಲಿ ಇದನ್ನು ಹೇಳುವಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತಿತ್ತು.

ಆದೇಶ ಬಂದ ಮೂರನೆಯ ದಿನ ಸಿಯಾಟಲ್‌ನ ನ್ಯಾಯಾಧೀಶರು ಅದಕ್ಕೆ ತಡೆ ಕೊಟ್ಟರು. ಬೇರೆ ಕೋರ್ಟುಗಳೂ ಕೊಟ್ಟವು. ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಿಂದ ಕೊಟ್ಟ ತೀರ್ಪನ್ನು ಇಲ್ಲಿ ಬಹಳ ಜನ ತಪ್ಪಾಗಿ ಓದಿದರು. “ಪೌರತ್ವ ರದ್ದು, ಸುಪ್ರೀಂ ಕೋರ್ಟ್ ಒಪ್ಪಿಗೆ” ಎಂಬ ಸಂದೇಶ ನನಗೂ ಬಂತು. ಆ ತೀರ್ಪು ಪೌರತ್ವದ ಪ್ರಶ್ನೆಯನ್ನು ಮುಟ್ಟಿಯೇ ಇರಲಿಲ್ಲ. ಜಿಲ್ಲಾ ಮಟ್ಟದ ಒಬ್ಬ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವ ತಡೆಯಾಜ್ಞೆ ಕೊಡಬಹುದೇ ಎಂಬುದಷ್ಟೇ ಅಲ್ಲಿದ್ದ ವಿಷಯ. ಕೊಡಬಾರದು, ಆದರೆ ಒಂದು ವರ್ಗದ ಪರವಾಗಿ ಸಾಮೂಹಿಕ ದಾವೆ ಹೂಡುವ ದಾರಿ ತೆರೆದಿದೆ ಎಂದಿತು ಕೋರ್ಟ್. ಜುಲೈ 10ರಂದು ನ್ಯೂಹ್ಯಾಂಪ್‌ಷೈರ್‌ನ ನ್ಯಾಯಾಧೀಶರು ಅದೇ ದಾರಿಯಲ್ಲಿ, ಹುಟ್ಟಿದ ಮತ್ತು ಹುಟ್ಟಲಿರುವ ಮಕ್ಕಳ ಇಡೀ ವರ್ಗಕ್ಕೆ ರಕ್ಷಣೆ ಕೊಟ್ಟರು. ಇದನ್ನು ಬರೆಯುವ ಹೊತ್ತಿಗೆ ಆದೇಶ ಜಾರಿಯಾಗಿಲ್ಲ. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಣೆಗೆ ತೆಗೆದುಕೊಂಡಿದೆ. ಆ ಕೋರ್ಟಿನ ವರ್ಷ ಸಾಮಾನ್ಯವಾಗಿ ಜೂನ್ ಕೊನೆಗೋ ಜುಲೈ ಮೊದಲಿಗೋ ಮುಗಿಯುತ್ತದೆ, ದೊಡ್ಡ ತೀರ್ಪುಗಳು ಆ ಕೊನೆಯ ವಾರಗಳಲ್ಲೇ ಬರುವುದು ಹೆಚ್ಚು.

ತೀರ್ಪು ಬಂದ ದಿನ ಶೀರ್ಷಿಕೆ ಬಿಟ್ಟು ತೀರ್ಪಿನ ಮೊದಲ ಕೆಲವು ಪುಟ ತೆಗೆಯಿರಿ. ಅದರ ಸಾರವನ್ನು ಕೋರ್ಟಿನ ಸಿಬ್ಬಂದಿಯೇ ಬರೆದಿರುತ್ತಾರೆ, ಓದಲು ಸುಲಭ. ತೀರ್ಮಾನವಾದ ಪ್ರಶ್ನೆ ಯಾವುದು, ಹಿಂದೆ ಹುಟ್ಟಿದ ಮಕ್ಕಳ ಬಗ್ಗೆ ಏನು ಹೇಳಿದೆ, ಯಾವಾಗಿನಿಂದ ಜಾರಿ ಎಂಬ ಮೂರನ್ನು ಹುಡುಕಿ. ಆ ಆದೇಶವೇ ತಾನು 2025ರ ಫೆಬ್ರವರಿ 19ರ ನಂತರ ಹುಟ್ಟುವವರಿಗೆ ಎಂದು ಹೇಳಿಕೊಂಡಿದೆ. ಅದಕ್ಕೂ ಮೊದಲು ಹುಟ್ಟಿದ ಮೊಮ್ಮಕ್ಕಳ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ನಂತರ ಹುಟ್ಟಿದ ಮಗುವಿದ್ದರೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಲು ಮಕ್ಕಳಿಗೆ ಹೇಳಿ. ನನ್ನ ಮೊಮ್ಮಗಳಿಗೆ ಮಾಡಿಸಿದ್ದಾರೆ.

ನಮ್ಮ ಕಡೆಯನ್ನೂ ಹೇಳದೆ ಹೋದರೆ ತಪ್ಪಾಗುತ್ತದೆ. ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ ಈ ನೆಲದಲ್ಲಿ ಹುಟ್ಟಿದವರು ಭಾರತದ ಪ್ರಜೆಗಳೇ ಆಗಿದ್ದರು. 1987ರ ಜುಲೈ 1ರಿಂದ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕೆಂದಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬುದೂ ಸೇರಿತು. ನಮ್ಮಲ್ಲಿ ಆ ಹಕ್ಕು ಕಾಯಿದೆಯಲ್ಲಿತ್ತು, ಸಂಸತ್ತು ತಿದ್ದಿತು. ಅಲ್ಲಿ ಅದು ಸಂವಿಧಾನದಲ್ಲಿದೆ. ತಿದ್ದಬೇಕಾದರೆ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಮತ, ಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ಅಷ್ಟು ಎತ್ತರದ ಗೋಡೆಯನ್ನು ಒಂದು ಆದೇಶದಿಂದ ಹಾರಿಬಿಡಲು ಹೊರಟಿರುವುದನ್ನು ನಾನು ಒಪ್ಪಲಾರೆ.

ಯಾವ ರಾಜ್ಯ ಎಂದು ಕೇಳಿ

“ಅಮೆರಿಕದಲ್ಲಿ ಹೀಗಂತೆ” ಎನ್ನುವ ಮಾತು ಅರ್ಧ ಸಲ ನಿಜವಾಗಿರುವುದಿಲ್ಲ. ಶಾಲೆ, ಪೊಲೀಸ್, ಚಾಲನಾ ಪರವಾನಗಿ, ಮದುವೆಯ ಕಾನೂನು, ಬಂದೂಕಿನ ಹೆಚ್ಚಿನ ನಿಯಮಗಳು ರಾಜ್ಯದ ಕೈಯಲ್ಲಿವೆ. 2022ರ ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದುಹಾಕಿದ ಮೇಲೆ ಅದೂ ರಾಜ್ಯಗಳಿಗೆ ಹೋಯಿತು. ನ್ಯೂಜೆರ್ಸಿಯಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ, ಟೆಕ್ಸಾಸ್‌ನಲ್ಲಿ ಬಹುತೇಕ ಪೂರ್ತಿ ನಿಷೇಧ. ಮಗಳು ಬಸುರಿಯಾಗಿದ್ದು ಟೆಕ್ಸಾಸ್‌ನಂಥ ರಾಜ್ಯದಲ್ಲಿದ್ದರೆ, ಏನಾದರೂ ತೊಡಕಾದಾಗ ಯಾವ ಆಸ್ಪತ್ರೆ ಏನು ಮಾಡಬಲ್ಲದು ಎಂದು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಲು ಹೇಳಿ. ನಮ್ಮ ದೇಶದಲ್ಲಿ 1971ರಲ್ಲೇ ಕಾಯಿದೆ ಬಂದು, 2021ರ ತಿದ್ದುಪಡಿಯಲ್ಲಿ ಕೆಲವು ಸಂದರ್ಭಗಳಿಗೆ 24 ವಾರಗಳವರೆಗೆ ಅವಕಾಶ ವಿಸ್ತರಿಸಿದೆ. ಈ ಒಂದು ವಿಷಯದಲ್ಲಿ ಹೆಣ್ಣುಮಗಳು ಟೆಕ್ಸಾಸ್‌ಗಿಂತ ತುಮಕೂರಿನಲ್ಲೇ ಹೆಚ್ಚು ಸುರಕ್ಷಿತಳು ಎಂದು ಯಾರ ಎದುರಿನಲ್ಲಾದರೂ ಹೇಳುತ್ತೇನೆ.

ಚುನಾವಣೆಯೂ ರಾಜ್ಯದ್ದೇ. ಅಲ್ಲಿ ನಮ್ಮಂಥ ಚುನಾವಣಾ ಆಯೋಗವಿಲ್ಲ. ಮತಪತ್ರ ಅಚ್ಚುಹಾಕಿಸುವುದು, ಎಣಿಸುವುದು ರಾಜ್ಯ ಮತ್ತು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಕೆಲಸ. ಕ್ಷೇತ್ರಗಳ ಗಡಿಯನ್ನೂ ಹೆಚ್ಚಿನ ರಾಜ್ಯಗಳಲ್ಲಿ ಶಾಸಕರೇ ಎಳೆಯುತ್ತಾರೆ. ಜನಗಣತಿಯ ನಂತರ ಹತ್ತು ವರ್ಷಕ್ಕೊಮ್ಮೆ ನಡೆಯುವ ಈ ಕೆಲಸವನ್ನು ಟೆಕ್ಸಾಸ್ 2025ರ ಆಗಸ್ಟ್‌ನಲ್ಲಿ ನಡುವೆಯೇ ಮಾಡಿ, ಅಧ್ಯಕ್ಷರ ಪಕ್ಷದವರಾದ ರಿಪಬ್ಲಿಕನ್ನರಿಗೆ ಐದು ಸ್ಥಾನ ಹೆಚ್ಚು ಸಿಗುವಂತೆ ನಕ್ಷೆ ಬರೆಯಿತು. ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾ ನವೆಂಬರ್ 4ರಂದು ಜನಮತ ಪಡೆದು ಎದುರು ಪಕ್ಷದವರಾದ ಡೆಮಾಕ್ರಟರ ಪರವಾಗಿ ನಕ್ಷೆ ಬದಲಿಸಿತು. ಎರಡೂ ತಪ್ಪೇ. ಮತದಾರರು ಪ್ರತಿನಿಧಿಯನ್ನು ಆರಿಸಬೇಕೇ ಹೊರತು ಪ್ರತಿನಿಧಿ ತನ್ನ ಮತದಾರರನ್ನು ಆರಿಸಿಕೊಳ್ಳಬಾರದು. ನಮ್ಮ ಕ್ಷೇತ್ರ ಮರುವಿಂಗಡಣೆ ಆಯೋಗದ ಬಗ್ಗೆ ದಕ್ಷಿಣದವರಾದ ನಮಗೆ ಆತಂಕಗಳಿವೆ, ಇರಬೇಕಾದ್ದೇ. ಆದರೂ ಗೆರೆ ಎಳೆಯುವ ಕೋಲು ಗೆದ್ದ ಪಕ್ಷದ ಕೈಯಲ್ಲಿ ನೇರವಾಗಿ ಇಲ್ಲದಿರುವುದು ಎಷ್ಟು ದೊಡ್ಡದು ಎಂದು ಅಲ್ಲಿನದನ್ನು ಕಂಡ ಮೇಲೆ ನನಗೆ ಇನ್ನಷ್ಟು ಸ್ಪಷ್ಟವಾಯಿತು.

ನಾನು ಮನಸಾರೆ ಮೆಚ್ಚುವುದೂ ಒಂದಿದೆ. ಪಕ್ಷದ ಅಭ್ಯರ್ಥಿ ಯಾರೆಂದು ಅಲ್ಲಿ ಮತದಾರರೇ ಪ್ರಾಥಮಿಕ ಚುನಾವಣೆಯಲ್ಲಿ ತೀರ್ಮಾನಿಸುತ್ತಾರೆ. ಬಿ ಫಾರಂಗಾಗಿ ದೆಹಲಿ, ಬೆಂಗಳೂರುಗಳ ಬಾಗಿಲು ಕಾಯುವ ನಮ್ಮ ಪದ್ಧತಿ ಅಲ್ಲಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದ ಶ್ರೀ ಥಾಣೇದಾರ್ ಮಿಷಿಗನ್‌ನಿಂದ ಕೆಳಮನೆ ಸೇರಿದ್ದು ಆ ದಾರಿಯಲ್ಲೇ. ಯಾವ ಹೈಕಮಾಂಡಿನ ಕೃಪೆಯೂ ಬೇಕಾಗಲಿಲ್ಲ.

ಸರ್ಕಾರ ಮುಚ್ಚಿತು ಎಂದರೆ

ಬಜೆಟ್ ಒಪ್ಪಿಗೆಯಾಗದೆ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಕೇಂದ್ರ ಸರ್ಕಾರದ ಕೆಲಸ ನಿಂತಿತು. ಅಲ್ಲಿಯವರೆಗಿನ ಇತಿಹಾಸದಲ್ಲೇ ಅಷ್ಟು ದೀರ್ಘ ಸ್ಥಗಿತ ಬೇರೊಂದಿರಲಿಲ್ಲ. ಜಗಳ ಇದ್ದದ್ದು ಆರೋಗ್ಯ ವಿಮೆಯ ಸಹಾಯಧನದ ಮೇಲೆ. ಮಕ್ಕಳ ಖಾಸಗಿ ಕಂಪನಿ ಮುಚ್ಚುವುದಿಲ್ಲ, ವಲಸೆ ಸೇವಾ ಇಲಾಖೆ ಅರ್ಜಿ ಶುಲ್ಕದಿಂದಲೇ ನಡೆಯುವುದರಿಂದ ಅದೂ ಬಹುಮಟ್ಟಿಗೆ ನಡೆಯುತ್ತದೆ. ಕಾರ್ಮಿಕ ಇಲಾಖೆಯ ಪ್ರಮಾಣಪತ್ರಗಳು ನಿಲ್ಲಬಹುದು, ವಿಮಾನಗಳು ತಡವಾಗಬಹುದು. ನಿಜವಾಗಿ ನೊಂದವರು ಆಹಾರ ಸಹಾಯ ನಂಬಿಕೊಂಡಿದ್ದ ಸುಮಾರು 4.2 ಕೋಟಿ ಜನ. ಅವರಲ್ಲಿ ಹಲವರಿಗೆ ನವೆಂಬರ್ ತಿಂಗಳ ನೆರವು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ. ಅನ್ನಭಾಗ್ಯದ ಅಕ್ಕಿ ಒಂದು ತಿಂಗಳು ತಪ್ಪಿದರೆ ಪಾವಗಡ, ಮಧುಗಿರಿಯ ಮನೆಗಳಲ್ಲಿ ಏನಾಗುತ್ತದೆಂದು ಬಲ್ಲ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಂಕದ ಸುದ್ದಿಗೂ ಅದೇ ನಾಲ್ಕು ಪ್ರಶ್ನೆ ಹಾಕಿ. 2025ರಲ್ಲಿ ಭಾರತದ ಸರಕಿನ ಮೇಲೆ ಆಗಸ್ಟ್ 7ರಿಂದ ಶೇ. 25, ಆಗಸ್ಟ್ 27ರಿಂದ ರಷ್ಯಾದ ತೈಲದ ನೆಪದಲ್ಲಿ ಇನ್ನೂ 25, ಒಟ್ಟು ಶೇ. 50 ಸುಂಕ ಬಿತ್ತು. ಯಾವ ಸರಕಿಗೆ ಎಂದು ನೋಡಿದರೆ, ಕೋಲಾರದ ನರಸಾಪುರದಲ್ಲಿ ತಯಾರಾಗುವ ಫೋನಿಗೆ ವಿನಾಯಿತಿ ಸಿಕ್ಕಿತು, ಸ್ಮಾರ್ಟ್‌ಫೋನುಗಳನ್ನು ಪಟ್ಟಿಯಿಂದ ಹೊರಗಿಟ್ಟಿದ್ದರು. ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ಜಿಲ್ಲೆಯ ರೈತ ಬೆಳೆಯುವ ಮಿಡಿಸೌತೆಗೆ ಆ ವಿನಾಯಿತಿ ಇರಲಿಲ್ಲ. ಸುಂಕವನ್ನು ಕಟ್ಟುವವನು ಅಮೆರಿಕದ ಆಮದುದಾರ. ಆದರೆ ಅವನು ಆ ಹೊರೆಯನ್ನು ಖರೀದಿ ಬೆಲೆಯಲ್ಲಿ ಇಳಿಸಲು ನೋಡುತ್ತಾನೆ, ಆಗ ಅದು ಹೊಲಕ್ಕೆ ಬಂದು ಮುಟ್ಟುತ್ತದೆ.

ಫೋನಿನಲ್ಲಿ ಏನು ಕೇಳಬೇಕು

ಗಾಬರಿಯ ಸಂದೇಶವನ್ನು ಮಕ್ಕಳಿಗೆ ಕಳಿಸಬೇಡಿ. ಅವರು ಅದನ್ನು ನಮಗಿಂತ ಮೊದಲೇ ನೋಡಿ, ನಮಗೆ ತಿಳಿಯದಿರಲಿ ಎಂದು ಸುಮ್ಮನಿದ್ದಾರೆ. “ನಿನ್ನ ಕಂಪನಿಯ ವಕೀಲರು ಏನು ಹೇಳಿದರು?” ಎಂದು ಕೇಳಿ. ವೀಸಾ ಯಾವಾಗ ಮುಗಿಯುತ್ತದೆ, ಅಲ್ಲಿ ಇರಲು ಅನುಮತಿ ಯಾವ ದಿನಾಂಕದವರೆಗೆ ಎಂದು ತಿಳಿದು ಬರೆದಿಟ್ಟುಕೊಳ್ಳಿ. ಈ ಎರಡೂ ದಿನಾಂಕಗಳು ಬೇರೆಬೇರೆ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ದೇಶದ ಬಾಗಿಲಿಗೆ ಬರಲು, ಒಳಗೆ ಎಷ್ಟು ದಿನ ಇರಬಹುದು ಎಂದು ಹೇಳುವುದು ಐ-94 ಎಂಬ ದಾಖಲೆ. ಬಾಣಂತನಕ್ಕೆ ಹೋಗುವ ತಾಯಂದಿರಿಗೂ ಇದೇ ನಿಯಮ. ವೀಸಾ ಹತ್ತು ವರ್ಷದ್ದಿದ್ದರೂ ಐ-94ರಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ಇಳಿದ ವಾರದಲ್ಲೇ ಮಗಳಿಂದ ಆ ದಿನಾಂಕ ತೆಗೆಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಮದುವೆಗೋ ಗೃಹಪ್ರವೇಶಕ್ಕೋ ಮಕ್ಕಳನ್ನು ಊರಿಗೆ ಕರೆಯುವ ಮೊದಲು, ಹಿಂದಿರುಗಲು ಹೊಸ ವೀಸಾ ಮುದ್ರೆ ಬೇಕೇ ಎಂದು ಕೇಳಿ. ಬೇಕೆಂದರೆ ಲಗ್ನಪತ್ರಿಕೆಗೂ ಮೊದಲು ಆ ವಿಚಾರ. 2025ರ ಡಿಸೆಂಬರ್ 15ರಿಂದ ಎಚ್-1ಬಿ, ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ತಪಾಸಣೆ ಮಾಡುತ್ತಿದ್ದಾರೆ, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕೆಂಬ ಸೂಚನೆ ಇದೆ. ಇದರಿಂದಾಗಿ ಡಿಸೆಂಬರ್‌ನ ಸಂದರ್ಶನಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗಿ, ರಜೆಗೆ ಬಂದವರು ಕೆಲಸ ಅಲ್ಲಿ, ತಾವು ಇಲ್ಲಿ ಎಂಬಂತಾದರು. ಅವರ ಖಾತೆಯ ಕೆಳಗೆ ರಾಜಕೀಯದ ಮಾತು ಬರೆಯಲು ಹೋಗಬೇಡಿ, ಹೊಗಳಿಕೆಯನ್ನೂ ಕೂಡ. ಮಾತಾಡುವ ಮೊದಲು ತಂದೆತಾಯಿ ಹೀಗೆ ಅಳೆದು ತೂಗಬೇಕಾದ ಸ್ಥಿತಿಯನ್ನು, ಅದೂ ವಾಕ್ ಸ್ವಾತಂತ್ರ್ಯವನ್ನು ಮೊದಲ ತಿದ್ದುಪಡಿಯಲ್ಲೇ ಬರೆದುಕೊಂಡ ದೇಶದಲ್ಲಿ, ನಾನು ಕೋಪದಿಂದಲೇ ದಾಖಲಿಸುತ್ತೇನೆ.

ವಲಸಿಗರನ್ನು ಹಿಡಿದ ಸುದ್ದಿ

2025ರ ಫೆಬ್ರವರಿ 5ರಂದು ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಕೈಗೆ ಕೋಳ, ಕಾಲಿಗೆ ಸರಪಳಿ. ಅವರು ಅಕ್ರಮವಾಗಿ ಹೋದವರು, ನಮ್ಮ ಮಕ್ಕಳು ಹಾಗಲ್ಲ ಎಂದು ನಮ್ಮ ನಡಿಗೆಯ ಗುಂಪಿನಲ್ಲೇ ಹೇಳಿದವರಿದ್ದರು. ಹೊಲ ಮಾರಿ, ದಲ್ಲಾಳಿಗೆ ಹಣ ಸುರಿದು, ಕಾಡು ದಾಟಿ ಹೋದವರು ಅವರು. ಅವರೂ ಯಾರದೋ ಮಕ್ಕಳೇ. ಕಾನೂನು ಮುರಿದವರನ್ನು ವಾಪಸು ಕಳಿಸುವ ಅಧಿಕಾರ ಪ್ರತಿ ದೇಶಕ್ಕೂ ಇದೆ, ಸರಪಳಿ ಹಾಕುವ ಅಗತ್ಯ ಇರಲಿಲ್ಲ. ಈ ತಿಂಗಳ 7ರಂದು ಮಿನಿಯಾಪೊಲಿಸ್‌ನಲ್ಲಿ ವಲಸೆ ಜಾರಿ ಅಧಿಕಾರಿಯ ಗುಂಡಿಗೆ ಬಲಿಯಾದ ಮಹಿಳೆ ಅಮೆರಿಕದ ಪ್ರಜೆಯೇ. ಇಂಥ ಸುದ್ದಿ ಬಂದಾಗ ಮೊದಲ ವಿಡಿಯೊ ನೋಡಿ ತೀರ್ಮಾನಕ್ಕೆ ಬರಬೇಡಿ. ಆ ನಗರದ ಸ್ಥಳೀಯ ಪತ್ರಿಕೆಯನ್ನು ಹುಡುಕಿ ಓದಿ, ಕೇಂದ್ರ ಸರ್ಕಾರ ಹೇಳುವುದನ್ನೂ ನಗರದ ಮೇಯರ್ ಹೇಳುವುದನ್ನೂ ಒಟ್ಟಿಗಿಟ್ಟು ನೋಡಿ.

ಹಾಗೆಯೇ ನಮ್ಮ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸುತ್ತಲ ಹಳ್ಳಿಗಳನ್ನು ನೆನೆಯಿರಿ. ಬಿಹಾರ, ಒಡಿಶಾ, ಅಸ್ಸಾಂಗಳಿಂದ ಬಂದ ಹುಡುಗರು ಒಂದು ಕೋಣೆಯಲ್ಲಿ ಐದಾರು ಮಂದಿ ಇದ್ದು ದುಡಿಯುತ್ತಾರೆ. ಅವರು ನಮ್ಮದೇ ದೇಶದವರು, ಯಾವ ವೀಸಾವೂ ಬೇಕಾಗಿಲ್ಲದವರು. ಆದರೂ ಒಂದು ಕಳ್ಳತನವಾದರೆ ಮೊದಲ ಬೆರಳು ಅವರತ್ತಲೇ. ನ್ಯೂಜೆರ್ಸಿಯಲ್ಲಿ ನಮ್ಮ ಮಗುವನ್ನು ಹೊರಗಿನವನು ಎಂದರೆ ಕುದಿಯುವ ನಾವು ಇಲ್ಲಿ ಬಾಡಿಗೆಗೆ ಮನೆ ಕೊಡುವಾಗ ಏನು ಕೇಳುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ನನ್ನ ಮನೆಯ ಮೇಲಿನ ಕೋಣೆಯಲ್ಲಿ ಈಗ ಒಡಿಶಾದ ಇಬ್ಬರು ಹುಡುಗರಿದ್ದಾರೆ. ಬಾಡಿಗೆ ಕರಾರು, ಆಧಾರ್ ಪ್ರತಿ, ಅಷ್ಟೇ ಕೇಳಿದ್ದೇನೆ.

ಈ ವರ್ಷ ಗಮನಿಸಬೇಕಾದ ದಿನಗಳು

ಜೂನ್ ಕೊನೆಯ ವಾರಗಳು ಸುಪ್ರೀಂ ಕೋರ್ಟಿಗೆ. ಆಗಸ್ಟ್ 4 ಥಾಣೇದಾರರ ರಾಜ್ಯವಾದ ಮಿಷಿಗನ್‌ನ ಪ್ರಾಥಮಿಕ ಚುನಾವಣೆ. ಎಚ್-1ಬಿ ಶುಲ್ಕದ ಘೋಷಣೆಯ ಅವಧಿ ಒಂದು ವರ್ಷ. ಅದನ್ನು ವಿಸ್ತರಿಸುತ್ತಾರೆಯೇ ಎಂಬುದು ಸೆಪ್ಟೆಂಬರ್‌ನಲ್ಲಿ ತಿಳಿಯಬೇಕು. ನವೆಂಬರ್ 3ಕ್ಕೆ ಕೆಳಮನೆಯ ಎಲ್ಲ 435 ಸ್ಥಾನಗಳಿಗೂ ಸೆನೆಟ್‌ನ 35 ಸ್ಥಾನಗಳಿಗೂ ಚುನಾವಣೆ. ಅಧ್ಯಕ್ಷರು ಅಂದು ಕಣದಲ್ಲಿರುವುದಿಲ್ಲ, ಸಂಸತ್ತಿನಲ್ಲಿ ಬಹುಮತ ಯಾರ ಕೈಗೆ ಎಂಬುದಷ್ಟೇ ತೀರ್ಮಾನ. ಗೆದ್ದವರು ಕೂರುವುದು 2027ರ ಜನವರಿ 3ರಂದು. ಅಲ್ಲಿಯವರೆಗೆ ಹಳೆಯ ಸಂಸತ್ತೇ ಮಸೂದೆಗಳನ್ನು ಒಪ್ಪಬಹುದು, ಆದ್ದರಿಂದ ಆ ಎರಡು ತಿಂಗಳ ಸುದ್ದಿಯನ್ನು ಬಿಡಬೇಡಿ.

ಫಲಿತಾಂಶಕ್ಕೆಂದು ನವೆಂಬರ್ 4ರ ನಸುಕಿನಲ್ಲಿ ಎದ್ದು ಕೂರುವುದು ಬೇಡ. ಕ್ಯಾಲಿಫೋರ್ನಿಯಾದಲ್ಲಿ ಮತದಾನ ಮುಗಿಯುವುದೇ ನಮ್ಮ ಬೆಳಗ್ಗೆ ಒಂಬತ್ತೂವರೆಗೆ. ಅಂಚೆಯಲ್ಲಿ ಬಂದ ಮತಗಳನ್ನು ಆಮೇಲೂ ವಾರಗಟ್ಟಲೆ ಎಣಿಸುತ್ತಾರೆ, ಮುನ್ನಡೆ ಬದಲಾಗುತ್ತ ಹೋಗುತ್ತದೆ. ಅದನ್ನು ಮೋಸ ಎನ್ನುವ ಸಂದೇಶಗಳೂ ಬರುತ್ತವೆ. ಬಂದಾಗ, ಮತದಾನದ ದಿನದೊಳಗೆ ಅಂಚೆ ಮುದ್ರೆ ಬಿದ್ದು ಏಳು ದಿನದೊಳಗೆ ತಲುಪಿದ ಮತ ಆ ರಾಜ್ಯದ ಕಾನೂನಿನ ಪ್ರಕಾರ ಸಿಂಧು ಎಂದು ಕಳಿಸಿದವರಿಗೆ ತಿರುಗಿ ಬರೆಯಿರಿ.